ಪಾಲಿಷ್ ಕಾಣದ ನಾಲ್ಕು ಪೆಟ್ಟಿಗೆಗಳು

ನಮ್ಮ ಓನರಮ್ಮನಿಗೆ ಮನುಷ್ಯರನ್ನು ಕಂಡರೆ ಆಗುತ್ತಿರಲಿಲ್ಲ ಎಂದರೆ ಅದು ಅನ್ಯಾಯದ ಮಾತು. ಆಗುತ್ತಿತ್ತು. ಆ ಮನುಷ್ಯನನ್ನು ಮರದಿಂದ ಮಾಡಿರಬೇಕಿತ್ತು, ಅಷ್ಟೇ! ರಕ್ತಮಾಂಸದ ನಮ್ಮಂಥವರು ಅವರ ಲೆಕ್ಕದಲ್ಲಿ ಎರಡೇ ಜಾತಿ: ಪೆಟ್ಟಿಗೆಯನ್ನು ಮುಟ್ಟುವವರು, ಮುಟ್ಟದವರು. ನಾನು ಎಂಟು ವರ್ಷ ಅವರ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಎಂಟು ವರ್ಷವೂ ಮೊದಲನೆಯ ಜಾತಿಯವಳೇ. ಬೇರೆ ದಾರಿ ಇರಲಿಲ್ಲ. ನಾಲ್ಕು ಪೆಟ್ಟಿಗೆಗಳೂ ನನ್ನ ಕೋಣೆಯಲ್ಲೇ ಇದ್ದವು.

ನನ್ನ ಕೋಣೆ ಎಂದೆನೆ? ತಪ್ಪಾಯಿತು. ಪೆಟ್ಟಿಗೆಗಳ ಕೋಣೆ. ಅದರಲ್ಲಿ ಒಂದು ಮೂಲೆ ನನ್ನದು.

ತೊಂಬತ್ತರ ದಶಕದ ನಡುವೆ ನಾನು ಗದಗಿನ ಕಡೆಯಿಂದ ಬೆಂಗಳೂರಿಗೆ ಬಂದವಳು. ಬನ್ನೇರುಘಟ್ಟ ರಸ್ತೆಯ ಒಂದು ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತ್ತು. ಮೊದಲ ಕೆಲವು ತಿಂಗಳು ಬಿಟಿಎಮ್ ಲೇಔಟಿನಲ್ಲಿ ಐದು ಹುಡುಗಿಯರು ಒಂದು ಕೋಣೆಯಲ್ಲಿದ್ದೆವು. ಅಲ್ಲಿ ಮಗ್ಗುಲು ಬದಲಿಸಬೇಕಾದರೆ ಐದೂ ಜನ ಒಮ್ಮತಕ್ಕೆ ಬರಬೇಕಿತ್ತು. ಸಾಕಾಗಿ ಒಂಟಿ ಕೋಣೆ ಹುಡುಕಲು ಹೊರಟೆ. ಓನರುಗಳು ಕೇಳುವ ಪ್ರಶ್ನೆಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಯಾವ ಜನ? ಏನು ತಿಂತೀರಾ? ಎಷ್ಟು ಹೊತ್ತಿಗೆ ಬರ್ತೀರಾ? ಯಾರು ಯಾರು ನೋಡೋಕೆ ಬರ್ತಾರೆ? ಉತ್ತರಗಳೂ ಬಾಯಿಪಾಠವೇ. ಅರೆಕೆರೆಯ ಹಳೆಯ ಊರಿನ ಕಡೆಯ ಒಂದು ಮನೆಯ ಮುಂದೆ ನಿಂತಾಗ ಮಾತ್ರ ಸಿಲೆಬಸ್ಸಿನಲ್ಲಿಲ್ಲದ ಪ್ರಶ್ನೆ ಬಂತು.

"ಕೈ ಬೆವರ್ತದಾ?"

"ಏನ್ರೀ?"

"ಅಂಗೈ ಕಣಮ್ಮಿ. ಅಂಗೈ ಬೆವರ್ತದಾ ಅಂತ ಕೇಳ್ದೆ."

ಕೇಳಿದವರು ಐವತ್ತೈದು ದಾಟಿದ, ಗಿಡ್ಡನೆಯ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿದ್ದ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ ನನ್ನ ಬಲಗೈ ಹಿಡಿದು, ಸೆರಗಿನಿಂದ ಒರೆಸಿ, ಒರೆಸಿದ ಸೆರಗನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮೂಸಿಯೂ ನೋಡಿದರು. ಮದುವೆಗೆ ಹೆಣ್ಣು ನೋಡಲು ಬಂದವರು ಕೂಡ ಇಷ್ಟು ಆಳಕ್ಕೆ ಇಳಿದಿರಲಿಲ್ಲ!

"ಎಣ್ಣೆ ಕೈ ಅಲ್ಲ. ಇರು ಹೋಗು" ಎಂದರು.

ಹೀಗೆ ನಾನು ಪಾಸಾದೆ. ಮೇಲೆ ಹೋಗಿ ನೋಡಿದರೆ ಕೋಣೆಯ ಮುಕ್ಕಾಲು ಭಾಗದಲ್ಲಿ ನಾಲ್ಕು ದೊಡ್ಡ ಮರದ ಪೆಟ್ಟಿಗೆಗಳು. ಒಂದೊಂದೂ ಮಂಡಿಯೆತ್ತರ, ಒಬ್ಬಳು ಮುದುಡಿ ಮಲಗುವಷ್ಟು ಉದ್ದ. ಹಲಸಿನದೊಂದು, ಮಾವಿನದೊಂದು, ಬೇವಿನದೊಂದು, ನೇರಳೆಯದೊಂದು. ಬಣ್ಣವಿಲ್ಲ, ವಾರ್ನಿಶ್ ಇಲ್ಲ, ಪಾಲಿಷ್ ಇಲ್ಲ. ಬಡಗಿಯ ಕೈಯಿಂದ ಇಳಿದ ದಿನ ಹೇಗಿದ್ದವೋ ಹಾಗೇ, ಬೋಳು ಮರ. ನಾಲ್ಕೂ ಇಟ್ಟಿಗೆಗಳ ಮೇಲೆ ಕುಳಿತಿದ್ದವು, ಗೋಡೆಯಿಂದ ಒಂದು ಗೇಣು ದೂರ. ನನ್ನ ಚಾಪೆಗೆ ಉಳಿದ ಜಾಗ ಅದಕ್ಕಿಂತ ಸ್ವಲ್ಪವೇ ಹೆಚ್ಚು.

"ಇದರಾಗ ಏನ್ ಇಟ್ಟೀರ್ರಿ?" ಎಂದೆ.

"ಏನೂ ಇಲ್ಲ."

"ಹಂಗಾದ್ರ ನನ್ನ ಅರಿವಿ ಇಟ್ಕೊಳ್ಳಲೇನ್ರಿ?"

"ಇಡಂಗಿಲ್ಲ. ಒಳಗೆ ಗಾಳಿ ಐತೆ."

ಗಾಳಿ ತುಂಬಿಟ್ಟ ಪೆಟ್ಟಿಗೆಗಳ ಜೊತೆ ವಾಸ ಮಾಡುವ ನಿಯಮಗಳನ್ನು ಅವರು ಬೆರಳು ಮಡಿಸಿ ಹೇಳಿದರು. ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಮೇಲೆ ಲೋಟ ಇಡಬಾರದು. ಊದುಬತ್ತಿ ಹತ್ತಿರ ಹಚ್ಚಬಾರದು. ನೇರ ಬಿಸಿಲು ಬೀಳಬಾರದು, ಆದರೆ ಕಿಟಕಿ ದಿನಾ ತೆಗೆಯಬೇಕು. ವಾರಕ್ಕೊಮ್ಮೆ ಒಣಹವೆ ನೋಡಿ ಮುಚ್ಚಳ ಎತ್ತಿಡಬೇಕು. ಹತ್ತು ಬೆರಳು ಮುಗಿದರೂ ನಿಯಮ ಮುಗಿಯಲಿಲ್ಲ. ನನ್ನ ಬೆರಳುಗಳನ್ನೂ ತೆಗೆದುಕೊಂಡರು.

"ದಿನಾ ಮಾತಾಡಸಬೇಕೇನ್ರಿ ಇವನ್ನ?" ಎಂದು ನಾನು ಕೊಂಕು ತೆಗೆದೆ.

"ಬ್ಯಾಡ. ನಿನ್ನ ಭಾಷೆ ಅವುಕ್ಕೆ ತಿಳಿಯಲ್ಲ."

ಅವರು ಆ ಕೋಣೆಯನ್ನು ಬಾಡಿಗೆಗೆ ಕೊಟ್ಟದ್ದೇಕೆ ಎಂಬುದು ಆಮೇಲೆ ತಿಳಿಯಿತು. ಕೆಳಗಿನ ಮನೆ ಶೀತ. ಸಾಲದ್ದಕ್ಕೆ ಅವರ ಒಬ್ಬನೇ ಮಗ ಮುಖ್ಯರಸ್ತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟು ಸರಕನ್ನೆಲ್ಲ ಮನೆಯಲ್ಲಿ ತುಂಬಿಸಿದ್ದ. ಮಹಡಿಯ ಕೋಣೆ ಒಣಗಿದ್ದರೂ ಮುಚ್ಚಿಟ್ಟರೆ ಮುಗ್ಗಲು. "ಜನ ಇದ್ರೆ ಕಿಟಕಿ ತೆಗೀತಾರೆ" ಎಂದರು ಓನರಮ್ಮ. ಅಂದರೆ ಕಿಟಕಿ ತೆಗೆಯಲೆಂದು ನನ್ನನ್ನು ಇಟ್ಟುಕೊಂಡಿದ್ದರು! ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಕೈಯಿಂದಲೇ ಕೊಟ್ಟು ದುಡಿದವಳು ನಾನೊಬ್ಬಳೇ ಇರಬೇಕು.

ಎರಡು ವಾರಕ್ಕೊಮ್ಮೆ ಭಾನುವಾರ ತಪಾಸಣೆ. ಹಳೆಯ ಪಂಚೆಯ ತುಂಡು ಹಿಡಿದು ಮೆಟ್ಟಿಲು ಹತ್ತಿ ಬರುವರು. ನನ್ನ ಕಡೆ ನೋಡದೆ ನೇರ ಹಲಸಿನ ಪೆಟ್ಟಿಗೆಯ ಹತ್ತಿರ ಹೋಗಿ, ಮರದ ಗೆರೆ ಓಡುವ ದಿಕ್ಕಿನಲ್ಲೇ ಒರೆಸುವರು. ಮುಚ್ಚಳದೊಳಗೆ ತಲೆ ಹಾಕಿ ಮೂಸುವರು. ಒಂದು ಸಲ ನಾನು ಒಗ್ಗರಣೆಯ ಕೈಯಲ್ಲೇ ಮಾವಿನ ಪೆಟ್ಟಿಗೆಯನ್ನು ಸರಿಸಿ, ಅದರ ಮೇಲೆ ಹೆಬ್ಬೆರಳಿನಷ್ಟು ಅರಿಶಿನದ ಕಲೆ ಮಾಡಿಬಿಟ್ಟಿದ್ದೆ. ಕಲೆಯ ಮೇಲೆ ಕ್ಯಾಲೆಂಡರ್ ಹಾಸಿ, ಅದರ ಮೇಲೆ ಬಾಚಣಿಗೆ ಇಟ್ಟು, ಏನೂ ಅರಿಯದವಳ ಹಾಗೆ ಅಕ್ಕಿ ಆರಿಸುತ್ತ ಕುಳಿತೆ. ಓನರಮ್ಮ ಒಳಗೆ ಬಂದವರು ಕ್ಯಾಲೆಂಡರನ್ನೇ ಎತ್ತಿದರು.

"ಇದು ಹೆಂಗಾಯ್ತು?"

"ಮೊದಲಿಂದ ಇತ್ತೇನೋ ರಿ."

ಅವರು ನನ್ನ ಕೈಯಿಂದ ಪೆಟ್ಟಿಗೆಯ ಒಂದು ಕಡೆ ಹಿಡಿಸಿ, ತಾರಸಿಯ ಬಿಸಿಲಿಗೆ ತಂದಿಟ್ಟರು. ನೇರ ಬಿಸಿಲು ಬೀಳಬಾರದೆಂಬ ನಿಯಮಕ್ಕೆ ಅರ್ಧ ದಿನ ರಜೆ. ಸಂಜೆಗೆ ಕಲೆ ಮಾಯ!

"ನೋಡ್ದಾ? ಅರಿಶಿನ ಬಿಸಿಲಿಗೆ ಓಡೋಯ್ತದೆ" ಎಂದರು. "ಸುಳ್ಳು ಓಡೋಗಲ್ಲ."

ನನ್ನ ರೊಟ್ಟಿಯ ಮೇಲೂ ಅವರ ಕಣ್ಣಿತ್ತು. ಜೋಳದ ರೊಟ್ಟಿಯನ್ನು ಬಡಿಯದೆ ಮಾಡುವುದು ಹೇಗೆ? ನಾನು ಬಡಿಯಲು ಶುರು ಮಾಡಿದರೆ ಕೆಳಗಿನಿಂದ ಕೂಗು ಬರುತ್ತಿತ್ತು. "ಮೆತ್ತಗೆ ಕಣಮ್ಮಿ! ಪೆಟ್ಟಿಗೆ ಕೀಲು ಸಡ್ಲ ಆಗ್ತದೆ!" ಮಳೆಗಾಲದಲ್ಲಂತೂ ಪೆಟ್ಟಿಗೆಗಳಿಗೆ ರಾಜಭೋಗ. ಒಂದೊಂದರೊಳಗೂ ಬಟ್ಟೆಯಲ್ಲಿ ಕಟ್ಟಿದ ಇದ್ದಲಿನ ಗಂಟು, ಶೀತ ಹೀರಿಕೊಳ್ಳಲು. ಅದೇ ಕೋಣೆಯಲ್ಲಿ ಹಗ್ಗದ ಮೇಲೆ ಒಣಗದೆ ನೇತಾಡುವ ನನ್ನ ಬಟ್ಟೆಗಳಿಗೆ ಬೂಷ್ಟು. ನನಗೂ ಒಂದು ಗಂಟು ಇದ್ದಲು ಕೊಡಿ ಎಂದು ಕೇಳಿದೆ.

"ನಿನ್ನ ಬಟ್ಟೆ ಬಿಸಿಲಿಗೆ ಹಾಕು."

"ಬಿಸಲ ಎಲ್ಲೈತ್ರೀ ಅಮ್ಮಾರ?"

"ಅದಕ್ಕೇ ಇದ್ದಲು ಪೆಟ್ಟಿಗೆಗೇ ಸಾಲಲ್ಲ ಅನ್ನೋದು."

ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೆ?

ಈ ಹುಚ್ಚಿಗೆ ಮೂಲವೇನೆಂದು ನಾನಾಗಿ ಕೇಳಲಿಲ್ಲ. ಒಂದು ಭಾನುವಾರ ಅವರೇ ಹೇಳಿದರು, ಬೇವಿನ ಪೆಟ್ಟಿಗೆಯನ್ನು ಒರೆಸುತ್ತ, ನನಗಲ್ಲ, ಪೆಟ್ಟಿಗೆಗೆ ಹೇಳುವವರ ಹಾಗೆ. ಆ ಸೀಮೆಯಲ್ಲಿ ಅವರದೊಂದು ಹೊಲ, ಅಂಚಿನಲ್ಲಿ ನಾಲ್ಕು ಮರ. ಅವರು ಮದುವೆಯಾಗಿ ಬರುವ ಹೊತ್ತಿಗೇ ಮರಗಳು ಮುದುಕರಾಗಿದ್ದವಂತೆ. ಲೇಔಟ್ ಬಂತು, ಹೊಲ ಹೋಯಿತು. ಗಂಡ ಮರಗಳನ್ನು ಸಾಮಿಲ್ಲಿನವರಿಗೆ ಮಾರಿದ. ಕಡಿದ ದಿಮ್ಮಿಗಳನ್ನು ತುಂಬಿಕೊಂಡು ಲಾರಿ ಹೊರಟಾಗ ಓನರಮ್ಮ ಹೋಗಿ ಲಾರಿಯ ಮುಂದೆ ಕುಳಿತರು.

"ಮರ ಉಳಿಸ್ಕೊಳ್ಳೋಕೆ ಅಲ್ಲ. ಕಡಿದ್ಮೇಲೆ ಏನು ಉಳಿಸ್ಕೊಳ್ಳೋದು? ಒಂದೊಂದ್ರಲ್ಲಿ ಒಂದೊಂದು ತುಂಡು ಇಳ್ಸಿ ಹೋಗ್ರಿ ಅಂದೆ. ನಮ್ಮ ಯಜಮಾನ್ರು ಬಂದು ಎರಡು ಏಟು ಹಾಕಿದ್ರು. ಎದ್ದೇಳಲಿಲ್ಲ. ಇಳ್ಸಿದ್ರು."

"ಪಾಲಿಷ್ ಯಾಕ ಮಾಡ್ಸಲಿಲ್ರಿ?"

"ಬಡಗಿನೂ ಇದೇ ಕೇಳ್ದ. ನಾನಂದೆ, ದಿನಾ ನೋಡಿರೋ ಮುಖ, ಈಗ್ಯಾಕೆ ವೇಷ?" ಎಂದು ಬಟ್ಟೆ ಕೊಡವಿದರು. "ಈಗ ಆ ಪೆಟ್ರೋಲ್ ಬಂಕ್ ಐತಲ್ಲ, ಅಲ್ಲಿತ್ತು ಹಲಸು. ಅಲ್ಲಿ ನಿಂತ್ಕೊಂಡು ಗಾಡಿಗೆ ಗಾಳಿ ಹೊಡಿಸ್ತಾವ್ನೆ ನನ್ ಮಗ."

ಇದನ್ನು ಕೇಳಿ ನನ್ನ ಮನಸ್ಸು ಕರಗಿತು ಎಂದು ನೀವು ಎಣಿಸಬಹುದು. ಕರಗಲಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು, ದಿನಕ್ಕೆ ಎಂಟು ಗಂಟೆ ಯಾರ್ಯಾರದೋ ಫೋನನ್ನು ಯಾರ್ಯಾರಿಗೋ ಕೊಟ್ಟು, ಮನೆಗೆ ಬಂದರೆ ಕಾಲು ಚಾಚಲು ಜಾಗವಿಲ್ಲದವಳಿಗೆ ಬೇರೆಯವರ ಮರದ ದುಃಖ ಎಷ್ಟೆಂದು ಹಿಡಿಸುತ್ತದೆ?

ಅದಾದ ಮರುವರ್ಷ ಬಂತು ನನ್ನ ಸಂಬಂಧದ ಪ್ರಕರಣ. ಹುಡುಗ ನಮ್ಮ ಕಡೆಯವನೇ, ಬೆಂಗಳೂರಿನಲ್ಲಿ ಫ್ಯಾಕ್ಟರಿ ಕೆಲಸ. ಅವನ ಅಪ್ಪ ಅಮ್ಮ ಹುಬ್ಬಳ್ಳಿಯಿಂದ ಬಂದಿದ್ದವರು, ಹುಡುಗಿಯನ್ನು ಅವಳಿರುವಲ್ಲೇ ನೋಡಿಕೊಂಡು ಹೋಗುತ್ತೇವೆಂದು ಭಾನುವಾರ ನನ್ನ ಕೋಣೆಗೇ ಬಂದರು. ನನ್ನ ಹತ್ತಿರ ಇದ್ದದ್ದು ಒಂದು ಕುರ್ಚಿ, ಒಂದು ಚಾಪೆ. ಕುರ್ಚಿಯ ಮೇಲೆ ಹುಡುಗ ಕುಳಿತ. ಚಾಪೆಯ ಮೇಲೆ ಅವನಪ್ಪ. ಅವನ ಅಮ್ಮ, ತೂಕದ ಹೆಂಗಸು, ಸುತ್ತ ನೋಡಿ ಬೇವಿನ ಪೆಟ್ಟಿಗೆಯ ಮೇಲೆ ಕುಳಿತರು. ಕುಳಿತವರು ಚಹಾದ ಲೋಟವನ್ನು ಪಕ್ಕದ ನೇರಳೆ ಪೆಟ್ಟಿಗೆಯ ಮೇಲಿಟ್ಟರು. ತಳ ಒದ್ದೆಯಾಗಿದ್ದ ಸ್ಟೀಲ್ ಲೋಟ! ಏಳಿ ಎನ್ನಲೇ? ಅತ್ತೆಯಾಗಬೇಕಾದವರಿಗೆ ನಾನು ಹೇಳುವ ಮೊದಲ ಮಾತು ಅದೇ ಆಗಬೇಕೆ?

ಆಗ ಬಾಗಿಲಲ್ಲಿ ಓನರಮ್ಮ ಕಾಣಿಸಿಕೊಂಡರು. ಪಾಪ, ನೆಂಟರು ಬಂದಿದ್ದಾರೆಂದು ತಮ್ಮ ಮನೆಯ ಎರಡು ಕುರ್ಚಿಗಳನ್ನು ತಲೆಯ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಒಳಗಿನ ದೃಶ್ಯ ನೋಡಿದರು. ಕುರ್ಚಿಗಳನ್ನು ಧೊಪ್ಪೆಂದು ಇಳಿಸಿದರು.

"ಏಳಮ್ಮ ಮೇಲೆ!"

ಅವರು ಗಾಬರಿಯಿಂದ ಎದ್ದರು. ಹುಡುಗನೂ ಎದ್ದ, ಅವನಪ್ಪನೂ ಎದ್ದ. ನಾನು ನಿಂತೇ ಇದ್ದೆ. ಓನರಮ್ಮ ಲೋಟ ಎತ್ತಿ ನನ್ನ ಕೈಗೆ ತುರುಕಿ, ಸೆರಗಿನಿಂದ ಒದ್ದೆ ಉಂಗುರವನ್ನು ಒತ್ತತೊಡಗಿದರು. ಹುಡುಗನ ಅಮ್ಮ ಸುಧಾರಿಸಿಕೊಂಡು ಕೇಳಿದರು.

"ಯಾಕ್ರೀ ಇವು ಹಿಂಗ ಬೋಳ ಅದಾವು? ಪಾಲಿಷ್ ಮಾಡ್ಸೂದಿಲ್ಲೇನು?"

ಓನರಮ್ಮ ಒತ್ತುವುದನ್ನು ನಿಲ್ಲಿಸದೆ ಹುಡುಗನ ತಲೆಯ ಕಡೆ ಕಣ್ಣೆತ್ತಿದರು. ಅವನಿಗೆ ಕೂದಲು ಆಗಲೇ ಹಿಂದೆ ಸರಿದಿತ್ತು.

"ನಿಮ್ಮ ಹುಡುಗನಿಗೆ ಮಾಡ್ಸಿದೀರಾ?"

ಚಹಾ ಅಲ್ಲಿಗೆ ಮುಗಿಯಿತು.

ನಾಲ್ಕು ದಿನದ ಮೇಲೆ ಅಣ್ಣನ ಎಸ್‌ಟಿಡಿ ಕರೆ ಆಫೀಸಿಗೆ, ಅಂದರೆ ನನ್ನ ಬೋರ್ಡಿಗೇ ಬಂತು. ಒಂದು ಕಿವಿಯಲ್ಲಿ ಅಣ್ಣ, ಮುಂದೆ ಮಿಣುಕುವ ಐದು ಲೈನು. "ಹುಡಗಿ ಬಣ್ಣ ಕಡಿಮಿ ಅಂದ್ರವಾ" ಎಂದ. ನಾನು "ಪ್ಲೀಸ್ ಹೋಲ್ಡ್" ಎಂದು ಬೇರೆ ಲೈನಿಗೆ ಹೋಗಿ ಮ್ಯಾನೇಜರಿಗೆ ಮುಂಬಯಿ ಕೊಟ್ಟು ಬಂದೆ. "ಮತ್ತ ಆ ಮುದುಕಿ ಯಾರು?" ಎಂದ. ಮತ್ತೆ "ಪ್ಲೀಸ್ ಹೋಲ್ಡ್". ತಿರುಗಿ ಬರುವಷ್ಟರಲ್ಲಿ ಅವನು ಇಟ್ಟುಬಿಟ್ಟಿದ್ದ. ಅಳಲು ಕೂಡ ಊಟದ ವಿರಾಮದವರೆಗೆ ಹೋಲ್ಡ್ ಮಾಡಬೇಕಾದ ಕೆಲಸ ನನ್ನದು.

ಬಣ್ಣ ಕಡಿಮೆ ಎಂದವರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕೆಂದರೆ ಅವರು ಹುಬ್ಬಳ್ಳಿಯಲ್ಲಿದ್ದರು. ಓನರಮ್ಮನಾದರೆ ಕೆಳಗಡೆಯೇ ಇದ್ದರು.

"ನಿಮ್ಮ ಪೆಟಗಿ ಸಲುವಾಗಿ ನನ್ನ ಲಗ್ನ ಮುರೀತು" ಎಂದೆ, ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತು.

ಅವರು ಸೊಪ್ಪು ಬಿಡಿಸುತ್ತಿದ್ದರು. "ಒಂದು ಲೋಟದ ಕಲೆಗೆ ಮುರಿಯೋ ಮದ್ವೆ ಮುರೀಲಿ ಬುಡು" ಎಂದರು. ಅಷ್ಟೇ. ಕುಳಿತುಕೋ ಎನ್ನಲಿಲ್ಲ, ಅಯ್ಯೋ ಎನ್ನಲಿಲ್ಲ. ಸೊಪ್ಪಿನ ದಂಟನ್ನು ಲಟಕ್ಕೆಂದು ಮುರಿದರು. ಮರುದಿನ ಭಾನುವಾರವಲ್ಲದಿದ್ದರೂ ಮೇಲೆ ಬಂದು, ಚೂರು ಉಪ್ಪುಕಾಗದದಿಂದ ಆ ಉಂಗುರದ ಕಲೆಯನ್ನು ಒಂದು ಗಂಟೆ ಉಜ್ಜಿದರು. ಕಲೆ ಹೋಯಿತು. ನಾನು ಗೋಡೆಯ ಕಡೆ ತಿರುಗಿ ಕುಳಿತಿದ್ದೆ. ಅಲ್ಲಿಂದ ಮುಂದೆ ಬಾಡಿಗೆ ಕೊಡುವಾಗಲೂ ನಾನು ಅವರ ಮುಖ ನೋಡುತ್ತಿರಲಿಲ್ಲ.

ಬಿಟ್ಟು ಹೋಗಬಹುದಿತ್ತಲ್ಲ ಎನ್ನುತ್ತೀರಾ? ಹೋಗಬಹುದಿತ್ತು. ಆದರೆ ಆಫೀಸು ನಡೆದು ಹೋಗುವಷ್ಟು ಹತ್ತಿರ. ಇನ್ನೊಂದು ಕಾರಣವೂ ಇತ್ತು; ಸಿಟ್ಟು ಮಾಡಿಕೊಳ್ಳಲು ಈ ಊರಿನಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ.

ಎರಡು ಸಾವಿರನೇ ಇಸವಿ ದಾಟಿದ ಮೇಲೆ ಓನರಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಟೈಲ್ಸಿನ ಧೂಳು ಬೇಡವೆಂದು ಒಂದು ತಿಂಗಳು ಉತ್ತರಹಳ್ಳಿಯ ತಂಗಿಯ ಮನೆಗೆ ಹೋದರು. ಹೋಗುವಾಗ ಮೆಟ್ಟಿಲ ಕೆಳಗೆ ನಿಂತು, "ಕಿಟಕಿ!" ಎಂದು ಒಂದೇ ಮಾತು ಕೂಗಿದರು. ಅವರು ಹೋದ ವಾರಕ್ಕೆ ಮಗ ಮೇಲೆ ಬಂದ. ಒಳ್ಳೆಯ ಹುಡುಗನೇ. ಅವನ ಲೋಕದಲ್ಲಿ ಎಲ್ಲವೂ ಮಿರಮಿರ ಮಿಂಚಬೇಕು, ಅಷ್ಟೇ.

"ಅಕ್ಕ, ಈ ಪೆಟ್ಟಿಗೆಗಳಿಗೆಲ್ಲ ಪಾಲಿಷ್ ಹೊಡೆಸಿಬಿಡ್ತೀನಿ. ಅಮ್ಮನಿಗೆ ಹೊಸ ಕಣ್ಣು ಬಂದಿರುತ್ತಲ್ಲ, ನೋಡಿ ಖುಷಿ ಆಗ್ಲಿ. ಸಖತ್ತಾಗಿ ಕಾಣುತ್ತೆ. ನೀವು ಆಫೀಸಿಗೆ ಹೋಗೋವಾಗ ಬೀಗದ ಕೈ ಕೊಟ್ಟು ಹೋಗಿ ಸಾಕು."

ಅವನಿಗೆ ನಿಜವಾಗಿ ತಿಳಿದಿರಲಿಲ್ಲ. ಅಮ್ಮನ ಹತ್ತಿರ ಕುಳಿತು ಪೆಟ್ಟಿಗೆಯ ಮಾತನ್ನು ಅವನು ಎಂದೂ ಕೇಳಿಸಿಕೊಂಡವನಲ್ಲ. ನನಗೆ ತಿಳಿದಿತ್ತು. ಬೇಡಪ್ಪಾ, ನಿಮ್ಮ ಅಮ್ಮನಿಗೆ ಆಗುವುದಿಲ್ಲ ಎಂಬ ಒಂದು ವಾಕ್ಯ ನನ್ನ ನಾಲಗೆಯ ತುದಿಯಲ್ಲಿತ್ತು. ಅದನ್ನು ನುಂಗಿ ಬೀಗದ ಕೈ ಕೊಟ್ಟೆ. ಈ ಮಾತನ್ನು ನಗುನಗುತ್ತ ಬರೆಯಲು ಎಷ್ಟು ಪ್ರಯತ್ನಪಟ್ಟರೂ ಬರುತ್ತಿಲ್ಲ, ಕ್ಷಮಿಸಿ.

ಪಾಲಿಷಿನವನು ಮೂರು ದಿನ ಬಂದ. ನಾಲ್ಕನೆಯ ದಿನ ಕೋಣೆಯ ತುಂಬ ಸ್ಪಿರಿಟ್ಟಿನ ವಾಸನೆ. ಹಲಸು, ಮಾವು, ಬೇವು, ನೇರಳೆ, ಎಲ್ಲವೂ ಒಂದೇ ಕೆಂಪುಗಂದು ಬಣ್ಣ. ಯಾವುದು ಯಾವುದೆಂದು ಹೇಳುವ ಹಾಗಿಲ್ಲ. ನಿಜ ಹೇಳಬೇಕೆಂದರೆ ಅವು ಬಹಳ ಚಂದ ಕಾಣುತ್ತಿದ್ದವು. ಬಗ್ಗಿ ನೋಡಿದರೆ ನನ್ನ ಮುಖ ಕಾಣುತ್ತಿತ್ತು. ಬಹಳ ಹೊತ್ತು ನೋಡಲಾಗಲಿಲ್ಲ.

ಓನರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮಗ ಕೈ ಹಿಡಿದು ಮೇಲೆ ಕರೆತಂದ. ಅವರಿಗೆ ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ. ಅಭ್ಯಾಸದಂತೆ ಹಲಸಿನ ಪೆಟ್ಟಿಗೆಯ ಹತ್ತಿರ ಹೋಗಿ ಅಂಗೈ ಇಟ್ಟರು. ಅಂಗೈ ಸರ್ರನೆ ಜಾರಿತು. ಮತ್ತೆ ಇಟ್ಟರು. ಮುಚ್ಚಳ ಎತ್ತಿ ಮೂಸಿದರು.

"ಹೆಂಗಿದೆ ಅಮ್ಮಾ?" ಎಂದ ಮಗ.

"ಚೆನ್ನಾಗೈತೆ" ಎಂದರು. ಆಮೇಲೆ ನಾನಿದ್ದ ದಿಕ್ಕಿಗೆ ತಿರುಗಿ, "ಬಾಗ್ಲು ತೆಗೆದುಕೊಟ್ಟಿದ್ದು ಯಾರು?"

"ನಾನ್ರೀ."

"ಹೂಂ."

ಬೈಯುತ್ತಾರೆಂದು ನಾನು ಎರಡು ದಿನದಿಂದ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಅವರು ಬೈಯಲಿಲ್ಲ. ಮಗನ ಕೈ ಬಿಡಿಸಿಕೊಂಡು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದರು. ಆ ಭಾನುವಾರ ಬರಲಿಲ್ಲ. ಮುಂದಿನ ತಪಾಸಣೆಗೂ ಬರಲಿಲ್ಲ. ನಾನು ರೊಟ್ಟಿಯನ್ನು ಬೇಕೆಂದೇ ಜೋರಾಗಿ ಬಡಿದೆ, ಕೂಗು ಬರಲಿಲ್ಲ. ಚಹಾದ ಲೋಟವನ್ನು ಪೆಟ್ಟಿಗೆಯ ಮೇಲಿಟ್ಟೆ, ಯಾರೂ ಬರಲಿಲ್ಲ. ಕಿಟಕಿ ಮುಚ್ಚಿಟ್ಟೆ, ಯಾರೂ ಕೇಳಲಿಲ್ಲ. ಆ ಕೋಣೆ ಕೊನೆಗೂ ನನ್ನದಾಗಿತ್ತು. ಅಷ್ಟು ಕೆಟ್ಟ ದಿನಗಳನ್ನು ಈ ಊರಿನಲ್ಲಿ ನಾನು ಮತ್ತೆ ಕಂಡಿಲ್ಲ.

ಒಂದು ಶನಿವಾರ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಉಪ್ಪುಕಾಗದ ತಂದೆ. ಭಾನುವಾರ ನೇರಳೆ ಪೆಟ್ಟಿಗೆಯಿಂದ ಶುರು ಮಾಡಿದೆ. ಪಾಲಿಷ್ ಹೊಡೆಯಲು ಮೂರು ದಿನ ಸಾಕು, ತೆಗೆಯಲು? ಇಡೀ ದಿನ ಉಜ್ಜಿದರೆ ಎರಡು ಗೇಣು ಜಾಗ ಬಿಳಿಚಿಕೊಂಡಿತು, ಅದೂ ಹುಲಿ ಪರಚಿದ ಹಾಗೆ. ಬೆರಳ ತುದಿಯ ಚರ್ಮ ಕಿತ್ತುಬಂದು, ಸೋಮವಾರ ಬೋರ್ಡಿನ ಗುಂಡಿ ಒತ್ತುವಾಗ ಕಣ್ಣಲ್ಲಿ ನೀರು. ಮುಂದಿನ ಭಾನುವಾರ ಮತ್ತೆ ಕುಳಿತೆ. ಅದರ ಮುಂದಿನ ಭಾನುವಾರವೂ. ಐದನೆಯದೋ ಆರನೆಯದೋ ಭಾನುವಾರ, ಉಜ್ಜುತ್ತಿದ್ದವಳಿಗೆ ಬೆನ್ನ ಹಿಂದೆ ಯಾರೋ ನಿಂತ ಹಾಗಾಯಿತು.

"ಅಡ್ಡ ಉಜ್ಜಬ್ಯಾಡ" ಎಂದರು ಓನರಮ್ಮ. "ಗೆರೆ ಹಿಡ್ಕೊಂಡು ಹೋಗು. ಇಷ್ಟು ವರ್ಷ ನೋಡಿದೀಯ, ಅಷ್ಟೂ ತಿಳೀಲಿಲ್ವಾ?"

ನಾನು ಅಳತೊಡಗಿದೆ. ಅವರು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ಪೆಟ್ಟಿಗೆಯ ಇನ್ನೊಂದು ಬದಿ ಕುಳಿತು ಕೈ ಚಾಚಿದರು. ಕಾಗದದ ಒಂದು ತುಂಡು ಹರಿದು ಕೊಟ್ಟೆ.

"ತಪ್ಪಾತ್ರೀ ಅಮ್ಮಾರ" ಎಂದೆ.

"ತಪ್ಪೇ. ನಾನೇನು ಮರೆಯಲ್ಲ" ಎಂದರು. "ಕೈ ನಿಲ್ಲಿಸ್ಬ್ಯಾಡ."

ಹೀಗೆ ಒಂದು ವರ್ಷದ ಭಾನುವಾರಗಳು ಹೋದವು. ನೇರಳೆ ಮೊದಲು ತನ್ನ ಬಣ್ಣಕ್ಕೆ ಬಂತು, ಆಮೇಲೆ ಬೇವು, ಆಮೇಲೆ ಹಲಸು. ಮೊದಲಿನ ಹಾಗೆ ಆಗಲಿಲ್ಲ. ಸಂದುಗಳಲ್ಲಿ ಕೆಂಪು ಉಳಿದೇ ಹೋಯಿತು. ಮಗ ಮೆಟ್ಟಿಲಲ್ಲಿ ನಿಂತು ನೋಡಿ, "ನಿಮ್ಮಿಬ್ಬರಿಗೂ ತಲೆ ಕೆಟ್ಟಿದೆ ಅಕ್ಕ" ಎಂದ. ಆ ಮನೆಯಲ್ಲಿ ನನ್ನನ್ನು ಓನರಮ್ಮನ ಜೊತೆ ಸೇರಿಸಿ ಯಾರಾದರೂ ಮಾತಾಡಿದ್ದು ಅದೇ ಮೊದಲು.

ಮಾವಿನ ಪೆಟ್ಟಿಗೆ ಮಾತ್ರ ಕೈಕೊಟ್ಟಿತು. ಅದನ್ನು ಸರಿಸಿದಾಗ ಇಟ್ಟಿಗೆಯ ಮೇಲೆ ಸಣ್ಣ ರವೆಯಂಥ ಹಿಟ್ಟು ಬಿದ್ದಿತ್ತು. ಓನರಮ್ಮ ಬೆರಳಲ್ಲಿ ತೆಗೆದು ನೋಡಿದರು. "ಹುಳ" ಎಂದರು. ಕಿಟಕಿ ಮುಚ್ಚಿಟ್ಟ ಆ ತಿಂಗಳುಗಳ ಲೆಕ್ಕ ನಾನು ಮನಸ್ಸಿನಲ್ಲೇ ಹಾಕಿದೆ. ಅವರು ಹಾಕಿದರೋ ಇಲ್ಲವೋ, ಹೇಳಲಿಲ್ಲ. ಏನಾದರೂ ಔಷಧಿ ಹಾಕೋಣ ಎಂದೆ. ಬೇಡ, ಒಂದರಿಂದ ಉಳಿದವಕ್ಕೂ ಹರಡುತ್ತದೆ ಎಂದು ಅವರೇ ಕೊಡಲಿ ತಂದರು. ಹಿತ್ತಲಲ್ಲಿ ಒಡೆದು, ಹಂಡೆಯ ಒಲೆಗೆ ಇಟ್ಟರು. ನಾನು ಮುಖ ಮುಚ್ಚಿಕೊಂಡು ನಿಂತ ಕಡೆ ಬಂದು, "ನೀರು ಕಾದೈತೆ. ತಲೆಗೆ ಹುಯ್ಕೋ ಹೋಗು, ಸುಮ್ನೆ ಆರೋಯ್ತದೆ" ಎಂದರು. ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಆ ಮಾವಿನ ಬಿಸಿಯಲ್ಲಿ ತಲೆಗೆ ನೀರು ಹಾಕಿಕೊಂಡೆವು. ಒಂದು ಸಾವಿಗೆ ಸ್ನಾನ ಮಾಡಿ, ಅದರ ಬೆಂಕಿಯಲ್ಲೇ ನೀರು ಕಾಯಿಸಿಕೊಂಡವರು ಎಲ್ಲಾದರೂ ಉಂಟೆ?

ಕೊನೆಗೆ ಮನೆಯೂ ಹೋಯಿತು. ಮಗ ಬಿಲ್ಡರ್ ಜೊತೆ ಮಾತಾಡಿ, ಕೆಡವಿ ಫ್ಲ್ಯಾಟು ಕಟ್ಟಿಸುವುದೆಂದಾಯಿತು. ಓನರಮ್ಮ ಈ ಸಲ ಯಾವ ಲಾರಿಯ ಮುಂದೆಯೂ ಕುಳಿತುಕೊಳ್ಳಲಿಲ್ಲ. "ಕೂತ್ರೆ ಎಬ್ಬಿಸೋಕೆ ಯಜಮಾನ್ರು ಇಲ್ವಲ್ಲ" ಎಂದು ನಕ್ಕರು. ಮೂರು ಪೆಟ್ಟಿಗೆಗಳು ಅವರ ಜೊತೆ ಅಲ್ಲೇ ಹತ್ತಿರದ ಬಾಡಿಗೆ ಮನೆಗೆ ಹೋದವು. ನನಗೆ ತ್ಯಾಗರಾಜನಗರದಲ್ಲಿ ಒಂದು ಕೋಣೆ ಸಿಕ್ಕಿತು. ನಿವೃತ್ತ ಮೇಷ್ಟರೊಬ್ಬರ ಹೆಂಡತಿ ಅದರ ಒಡತಿ. ಮೃದು ಮಾತಿನವರು, ಅಂಗೈ ಇರಲಿ, ಹೆಸರನ್ನೂ ಸರಿಯಾಗಿ ಕೇಳಿರಲಿಲ್ಲ.

ಸಾಮಾನು ಸಾಗಿಸುವ ದಿನ ಬೆಳಗ್ಗೆ ಟೆಂಪೋ ಬಂದಾಗ ಓನರಮ್ಮ ಡ್ರೈವರ್ ಪಕ್ಕದ ಸೀಟಿನಲ್ಲಿ ಹತ್ತಿ ಕುಳಿತುಬಿಟ್ಟಿದ್ದರು. "ನೀವ್ಯಾಕ್ರೀ?" ಎಂದರೆ, "ನೋಡ್ಕೊಂಡು ಬತ್ತೀನಿ" ಎಂದರು. ಹೊಸ ಕೋಣೆಯ ಗೋಡೆಗಳನ್ನು ತಟ್ಟಿ ನೋಡಿ, ಒಂದು ಮೂಲೆ ತೋರಿಸಿ, "ಇಲ್ಲಿ ಶೀತ ಐತೆ, ಈ ಕಡೆ ಮಲಕ್ಕೋಬ್ಯಾಡ" ಎಂದರು. ನಾನು ಕೊನೆಯ ಬಕೆಟ್ ತರಲು ಟೆಂಪೋಗೆ ಹೋಗಿ ವಾಪಸ್ ಬರುವಾಗ, ಗೇಟಿನ ಒಳಗೆ ಅವರ ದನಿ ಕೇಳಿಸಿತು. ಹೊಸ ಓನರನ್ನು ನಿಲ್ಲಿಸಿಕೊಂಡಿದ್ದರು.

"ಇವ್ಳು ಜ್ವರ ಬಂದ್ರೆ ಬಾಯಿ ಬಿಡಲ್ಲ. ಬೆಳಗ್ಗೆ ನಲ್ಲಿ ಸದ್ದು ಕೇಳ್ಲಿಲ್ಲ ಅಂದ್ರೆ ಹೋಗಿ ಬಾಗ್ಲು ಬಡೀರಿ. ಗುಡುಗು ಬಂದ್ರೆ ಹೆದರ್ಕೋತಾಳೆ. ಹೆದರಲ್ಲ ಅಂತಾಳೆ, ನಂಬಬ್ಯಾಡಿ, ಲೈಟ್ ಹಾಕ್ಬುಡಿ. ಊರಿಂದ ಕಾಗ್ದ ಬಂದ ದಿನ ಒಲೆ ಹಚ್ಚಲ್ಲ. ಊಟ ಆಯ್ತಾ ಅಂತ ಕೇಳಬ್ಯಾಡಿ, ಆಯ್ತು ಅಂತಾಳೆ. ತಟ್ಟೇಲಿ ಹಾಕಿ ಬಾಗ್ಲು ಮುಂದೆ ಇಟ್ಬುಟ್ಟು ಬಂದ್ಬುಡಿ. ತಿಂತಾಳೆ."

ನಾನು ಬಕೆಟ್ ಹಿಡಿದು ಅಲ್ಲೇ ನಿಂತೆ. ಎಂಟು ವರ್ಷಗಳಲ್ಲಿ ಎಷ್ಟೋ ಸಂಜೆ ನನ್ನ ಬಾಗಿಲ ಮುಂದೆ ಮುದ್ದೆ ಸಾರಿನ ತಟ್ಟೆ ಇರುತ್ತಿತ್ತು. ಮಿಕ್ಕಿದ್ದನ್ನು ಚೆಲ್ಲಲು ಮನಸ್ಸಿಲ್ಲದೆ ತಂದಿಡುತ್ತಾರೆ ಎಂದುಕೊಂಡು, ಸಿಟ್ಟಿನಿಂದಲೇ ತಿಂದು, ತಟ್ಟೆ ತೊಳೆದು ಮೆಟ್ಟಿಲ ಮೇಲಿಡುತ್ತಿದ್ದೆ. ಪೋಸ್ಟಿನವನು ನನ್ನ ಕಾಗದಗಳನ್ನು ಕೊಡುತ್ತಿದ್ದದ್ದು ಅವರ ಕೈಗೇ ಎಂಬುದು ನನಗೆ ಗೊತ್ತಿದ್ದ ಸಂಗತಿ. ಎರಡನ್ನೂ ಸೇರಿಸಿ ನೋಡಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ.

"ನೀವು ಇವರಿಗೆ ಏನಾಗಬೇಕು?" ಎಂದು ಹೊಸ ಓನರ್ ಕೇಳಿದರು.

"ಏನೂ ಆಗ್ಬೇಕಿಲ್ಲ. ನಮ್ಮನೇಲಿ ಬಾಡಿಗೆಗಿದ್ಲು."

ನನ್ನನ್ನು ದಾಟಿ, ನನ್ನ ಕಡೆ ನೋಡದೆ, ಅವರು ಬಸ್ ಸ್ಟಾಪಿಗೆ ನಡೆದರು. ಬಕೆಟ್ ಇಟ್ಟು ಹಿಂದೆ ಓಡಿದೆ.

"ನೀನ್ಯಾಕೆ ಬಂದೆ? ಸಾಮಾನು ಯಾರು ನೋಡ್ಕೋತಾರೆ?"

"ಬಸ್ ಬರೂತನಕ ನಿಂದರ್ತೇನ್ರಿ."

"ನಂಗೇನು ದಾರಿ ಗೊತ್ತಿಲ್ವಾ?"

ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ಅವರು ಕತ್ತು ಉದ್ದ ಮಾಡಿ ನೋಡಿ, "ರಶ್ ಐತೆ" ಎಂದು ಹತ್ತಲಿಲ್ಲ. ಇನ್ನೊಂದು ಬಂತು. ಅದರಲ್ಲಿ ಡ್ರೈವರು, ಕಂಡಕ್ಟರು ಬಿಟ್ಟರೆ ನಾಲ್ಕು ಜನರಿದ್ದರು.

"ಇದೂ ರಶ್ಶೇ" ಎಂದರು ಓನರಮ್ಮ.